ಕಲಾಯಿ ಕಾಣದ ಕೊಪ್ಪರಿಗೆ

ಸ್ಟೀಲಿನ ಪಾತ್ರೆಗಳು ಮದುವೆಯ ಉಡುಗೊರೆಯಾಗಿ ಮಾತ್ರ ಮನೆಗೆ ಬರುತ್ತಿದ್ದ ಕಾಲ ಅದು. ಮಿಕ್ಕಂತೆ ಎಲ್ಲರ ಅಡುಗೆಮನೆಯಲ್ಲೂ ತಾಮ್ರ, ಹಿತ್ತಾಳೆ. ಅವುಗಳ ಒಳಮೈಗೆ ಆಗಾಗ ತವರದ ಕಲಾಯಿ ಹಾಕಿಸಬೇಕು. ಕಲಾಯಿ ಸವೆದ ಪಾತ್ರೆಗೆ ಹುಳಿ ತಾಗಿದರೆ ಕಿಲುಬು ಬಿಟ್ಟು ಒಳಗಿದ್ದದ್ದು ವಿಷವಾಗುತ್ತದೆ. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಲಾದ ಚಾಳಿನಲ್ಲಿ ಬೆಳೆದ ನಮಗೆ ಕಲಾಯಿ ಹಾಕುವಾಗ ಏಳುವ ನವಸಾಗರದ ಹೊಗೆಯೆಂದರೆ ಪರೀಕ್ಷೆ ಮುಗಿಯಿತು, ರಜೆ ಬಂತು ಎಂದರ್ಥ. ಮೂಗಿಗೆ ಸುರ್ರೆಂದು ಹತ್ತುವ ಆ ಬಿಳಿ ಹೊಗೆಯನ್ನು ಬೇಕೆಂದೇ ಎಳೆದುಕೊಂಡು ಕೆಮ್ಮುತ್ತಿದ್ದೆವು.

ಚಾಳಿನ ಹಿಂದೆ, ರೈಲ್ವೆ ಗೋಡೆಗೆ ಒರಗಿಸಿ ಕಟ್ಟಿದ ತಗಡಿನ ಮಾಡಿನ ಕೆಳಗೆ ಇಮಾಮಸಾಬರು ಕಲಾಯಿ ಹಾಕುತ್ತಿದ್ದರು. ಬಾಗಲಕೋಟೆ ಕಡೆಯವರು. ಮನೆಯಲ್ಲಿ ದಖ್ಖನಿ, ನಮ್ಮೊಡನೆ ಕನ್ನಡ. ನೆಲದಲ್ಲಿ ತೋಡಿದ ಕುಳಿಯಲ್ಲಿ ಕೆಂಡ, ಬದಿಯಲ್ಲಿ ಚರ್ಮದ ತಿದಿ. ಪಾತ್ರೆ ಕಾದ ಕೂಡಲೇ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಗರಗರನೆ ಒರೆಸುತ್ತಿದ್ದರು. ಕೆಂಪಗಿದ್ದ ಒಳಮೈ ಕಣ್ಣೆದುರೇ ಬೆಳ್ಳಗಾಗುತ್ತಿತ್ತು. ಅವರ ಮಗ ಮೆಹಬೂಬ ನನ್ನ ಓರಗೆಯವನು. ಕನ್ನಡ ಶಾಲೆಯಲ್ಲಿ ನಮ್ಮದು ಒಂದೇ ಬೆಂಚು. ನನ್ನನ್ನು ಸದ್ಯಾ ಎಂದೇ ಕರೆಯುತ್ತಿದ್ದ. ನಾನು ಹೋದರೆ ತಿದಿ ಬಿಟ್ಟು ಏಳುತ್ತಿದ್ದ.

“ಒಣಮೀನ ತಿಂದ ತಿಂದ ತೋಳೂ ಒಣಮೀನ ಆಗ್ಯಾವಲ್ಲೋ ಸದ್ಯಾ. ಬಾ, ಒತ್ತು.”

ಅಪ್ಪಯ್ಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡುಗೆಯವರು. ಕುಂದಾಪುರ ಕಡೆಯಿಂದ ಬಂದ ಇಪ್ಪತ್ತು ಮನೆಯವರು ಸೇರಿ ಚಾಳಿನಲ್ಲಿ ಒಂದು ಭಜನಾ ಮಂಡಳಿ ಮಾಡಿಕೊಂಡಿದ್ದರು. ವಾಸಣ್ಣ ಎಂಬವರು ಅದರ ಮುಂದಾಳು, ಅಪ್ಪಯ್ಯ ಪಾತ್ರೆಪಡಗ ನೋಡಿಕೊಳ್ಳುವವರು. ರಾಮನವಮಿಯ ದಿನ ಇಡೀ ಚಾಳಿಗೆ ಪಾನಕ, ಕೋಸಂಬರಿ. ಮಂಡಳಿಯ ಪಾತ್ರೆಗಳಿಗೆ ಇಮಾಮಸಾಬರು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ದೇವರದು, ಬೇಡ ಎನ್ನುತ್ತಿದ್ದರು. ನವಮಿಯ ದಿನ ಮೆಟ್ಟಿಲ ಬಳಿ ನಿಂತು ಎರಡು ಲೋಟ ಪಾನಕ ಕುಡಿದು, ಮೆಣಸು ಕಡಿಮೆಯಾಯಿತೆಂದು ತಕರಾರು ಮಾಡಿ ಹೋಗುತ್ತಿದ್ದರು.

ಈಗ ಅದೇ ಮಂಡಳಿಯ ಹುಡುಗರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಜಗತ್ತಿನ ದೊಡ್ಡ ಧರ್ಮಗಳು ಕಲಿಸುವುದು ಶಾಂತಿಯನ್ನೋ ಹಿಂಸೆಯನ್ನೋ, ಹಿರಿಯರು ನೀವು ಎರಡು ಪುಟ ಬರೆದುಕೊಡಿ ಎಂದರು. ನಾನು ಎಸ್ಸೆಸ್ಸಿವರೆಗೆ ಓದಿದವನು. ಯಾವ ಧರ್ಮದ ಗ್ರಂಥವನ್ನೂ ಕೊನೆಯವರೆಗೆ ಓದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಒಂದು ರಾಮನವಮಿ ಮಾತ್ರ. ಅರುವತ್ತು ವರ್ಷ ಅಪ್ಪಯ್ಯನ ಹೊರತು ಯಾರಿಗೂ ಹೇಳದ ಅದನ್ನೇ ಬರೆಯುತ್ತಿದ್ದೇನೆ.

ಆಗ ನನಗೆ ಹನ್ನೆರಡು. ನವಮಿಗೆ ನಾಲ್ಕು ದಿನ ಇರುವಾಗ ಅಪ್ಪಯ್ಯ ಡ್ಯೂಟಿಗೆ ಹೊರಡುತ್ತಾ, ಪಾನಕದ ತಾಮ್ರದ ಕೊಪ್ಪರಿಗೆಯನ್ನು ಇಮಾಮಸಾಬರಿಗೆ ಕೊಟ್ಟು ಬಾ ಎಂದರು. ಅದನ್ನು ತಲೆಯ ಮೇಲೆ ಬೋರಲಾಗಿ ಹೊತ್ತು ಮೆಟ್ಟಿಲಿಳಿದೆ. ಕೆಳಗೆ ಪಕ್ಕದ ಚಾಳಿನವರೊಡನೆ ಕ್ರಿಕೆಟ್ ಮ್ಯಾಚ್, ನಮ್ಮಲ್ಲಿ ಒಬ್ಬ ಕಡಿಮೆ. ಕೊಪ್ಪರಿಗೆಯನ್ನು ಮೆಟ್ಟಿಲಿನ ಅಡಿಗೆ ತಳ್ಳಿ ಆಡಲು ಹೋದೆ. ಮರುದಿನ ಮತ್ತೊಂದು ಮ್ಯಾಚ್. ಮೂರನೆಯ ದಿನ ಹೋದರೆ ಇಮಾಮಸಾಬರು ಮಗನನ್ನು ಕರೆದುಕೊಂಡು ಯಾವುದೋ ಹೋಟೆಲಿನ ಪಾತ್ರೆಗಳ ಕೆಲಸಕ್ಕೆ ಹೋಗಿದ್ದರು. ಅಪ್ಪಯ್ಯನ ಬೆಲ್ಟು ನೆನಪಾಯಿತು. ನಲ್ಲಿಯ ಬಳಿ ಕೂತು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹೊರಮೈ ಫಳಫಳ ಹೊಳೆಯಿತು. ಒಳಗೆ ಹಳೆಯ ಕಲಾಯಿ ಎದ್ದುಹೋಗಿ ತಾಮ್ರ ಕೆಂಪಗೆ ಕಾಣುತ್ತಿತ್ತು. ತಳದ ಅಂಚಿನ ಹಸಿರು ಎಷ್ಟು ಉಜ್ಜಿದರೂ ಬಿಡಲಿಲ್ಲ. ಸಂಜೆ ಅಪ್ಪಯ್ಯ ಕಲಾಯಿ ಆಯಿತೇ ಎಂದು ಕೇಳಿದಾಗ, ಆಯಿತು ಎಂದೆ.

ನವಮಿಯ ದಿನ ಅಪ್ಪಯ್ಯನಿಗೆ ಬೆಳಗಿನ ಡ್ಯೂಟಿ ಇತ್ತು. ಹೆಂಗಸರು ನಿಂಬೆಹಣ್ಣು, ಬೆಲ್ಲ ಹಿಡಿದುಕೊಂಡು ಬರುವ ಮೊದಲೇ ನಾನು ಕೊಪ್ಪರಿಗೆಗೆ ಅರ್ಧದವರೆಗೆ ನೀರು ತುಂಬಿಸಿ, ಮೇಲೆ ಬೆಲ್ಲದ ಹುಡಿ ಸುರಿದು ಕಲಕಿಬಿಟ್ಟೆ. ಇನ್ನು ತಳ ಯಾರಿಗೂ ಕಾಣದು. ಎಷ್ಟು ಚುರುಕು ಹುಡುಗ ನೋಡಿ ಎಂದರು ಅವರು. ನಿಂಬೆ ಹಿಂಡಿದರು, ಏಲಕ್ಕಿ, ಶುಂಠಿ, ಕಾಳುಮೆಣಸು ಗುದ್ದಿ ಹಾಕಿದರು. ಸುತ್ತ ಒದ್ದೆ ಬಟ್ಟೆ ಕಟ್ಟಿ ಭಜನೆ ಮುಗಿಯುವವರೆಗೆ ಹಾಗೇ ಇಟ್ಟರು. ಏಪ್ರಿಲ್ ತಿಂಗಳ ಸೆಕೆ. ಮಕ್ಕಳು ಲೋಟ ಹಿಡಿದು ಗ್ಯಾಲರಿಯುದ್ದಕ್ಕೂ ಸಾಲುಗಟ್ಟಿದ್ದರು. ನನಗೆ ಹೊಟ್ಟೆ ತುಂಬಿದೆ ಎಂದು ಹೇಳಿ ನಾನು ಕುಡಿಯಲಿಲ್ಲ. ಏನಾಗಬಹುದೆಂದು ಗೊತ್ತಿತ್ತೇ ಎಂದು ಕೇಳಿದರೆ, ಪೂರ್ತಿ ಗೊತ್ತಿರಲಿಲ್ಲ. ಆದರೆ ಕುಡಿಯಲಿಲ್ಲ.

ಇಮಾಮಸಾಬರೂ ಬಂದು ಕುಡಿದರು. ಕೊಪ್ಪರಿಗೆಯ ಹೊಳಪು ನೋಡಿ ನನ್ನ ಕಿವಿ ಹಿಂಡಿದರು.

“ಈ ಸಲ ಯಾರ ಕಡೆ ಹಾಕ್ಸಿದ್ರಿ? ನನ್ನ ಮರ್ತೇ ಬಿಟ್ರಿ ಹೌದಿಲ್ಲೋ?”

ನಾನು ನಕ್ಕು ತಪ್ಪಿಸಿಕೊಂಡೆ.

ಅರ್ಧ ಗಂಟೆಯಲ್ಲಿ ಮೊದಲ ಮಗು ವಾಂತಿ ಮಾಡಿತು. ಆಮೇಲೆ ಗ್ಯಾಲರಿಯ ಎಲ್ಲ ಬಾಗಿಲಿನಲ್ಲೂ ಅದೇ ಸದ್ದು, ಅದೇ ವಾಸನೆ. ಡಾಕ್ಟರರನ್ನು ಕರೆತಂದರು. ಅವರು ಪಾತ್ರೆಯ ಕಿಲುಬಿರಬಹುದು, ಯಾರಿಗೂ ಏನೂ ಆಗದು ಎಂದರು. ಹಾಗೇ ಆಯಿತು, ಮರುದಿನದ ಹೊತ್ತಿಗೆ ಎಲ್ಲರೂ ಎದ್ದು ಕೂತಿದ್ದರು. ಆದರೆ ಆ ತಿಂಗಳು ಬೇರೆ ಊರುಗಳ ಹಿಂದೂ-ಮುಸ್ಲಿಂ ಗಲಾಟೆಯ ಸುದ್ದಿ ದಿನವೂ ಪೇಪರಿನಲ್ಲಿ ಬರುತ್ತಿತ್ತು. ಕೊಪ್ಪರಿಗೆಗೆ ಕಲಾಯಿ ಯಾರು ಹಾಕಿದ್ದು ಎಂದು ಯಾರೋ ಕೇಳಿದರು. ಇಮಾಮಸಾಬರ ಹೆಸರು ಬಂದ ಮೇಲೆ ಯಾರಿಗೂ ಕಿಲುಬಿನ ಮಾತು ಬೇಕಾಗಲಿಲ್ಲ. ಕಲಾಯಿಯ ಜೊತೆ ಅವನು ಏನೋ ಬೆರೆಸಿದ್ದಾನೆ ಎಂಬ ಮಾತು ಒಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಗಟ್ಟಿಯಾಯಿತು.

ಅಷ್ಟು ಹೊತ್ತಿಗೆ ಅಪ್ಪಯ್ಯ ಹೋಟೆಲಿನಿಂದ ಬಂದಿದ್ದರು. ಉಳಿದ ಪಾನಕವನ್ನು ಮೋರಿಗೆ ಚೆಲ್ಲಿ, ಕೊಪ್ಪರಿಗೆ ತೊಳೆದಿಟ್ಟು, ಇಮಾಮಸಾಬರ ಮಾಡಿನ ಕಡೆ ಹೊರಟ ಗುಂಪಿನ ಹಿಂದೆ ಬಂದರು.

ಇಮಾಮಸಾಬರು ಮಾಡಿನ ಕಂಬ ಹಿಡಿದು ಕೂತಿದ್ದರು. ಅವರೂ ವಾಂತಿ ಮಾಡಿಕೊಂಡಿದ್ದರು. ಮೆಹಬೂಬ ನೀರಿನ ತಂಬಿಗೆ ಹಿಡಿದು ನಿಂತಿದ್ದ. ನಾನೂ ಕುಡಿದಿದ್ದೇನೆ ಎಂದರು. ನಾಟಕ ಎಂದು ಯಾರೋ ಕೂಗಿದರು. ವಾಸಣ್ಣ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

“ಕೊಪ್ಪರಗಿ ನನ್ನ ಕಡೆ ಬಂದೇ ಇಲ್ರೀ ಅಣ್ಣಾರ” ಎಂದರು ಇಮಾಮಸಾಬರು. ಅವರ ಕಣ್ಣು ಗುಂಪಿನಲ್ಲಿ ಹುಡುಕಿ ನನ್ನ ಮೇಲೆ ನಿಂತಿತು. “ಈ ಹುಡುಗನ್ನ ಕೇಳ್ರಿ. ಸುಳ್ಳ ಹೇಳಾವಲ್ಲ ಅಂವ.”

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪಯ್ಯನೂ ನೋಡುತ್ತಿದ್ದರು. ವಾಸಣ್ಣ ಬಗ್ಗಿ ನನ್ನ ಭುಜದ ಮೇಲೆ ಕೈಯಿಟ್ಟು, ಹೆದರಬೇಡ ಮಗಾ, ನೀನು ಕೊಟ್ಟಿದ್ದೆಯೋ ಇಲ್ಲವೋ, ಅಷ್ಟು ಹೇಳು ಎಂದರು. ಮೆಹಬೂಬ ನನ್ನನ್ನೇ ನೋಡಿ ಸಣ್ಣಗೆ ನಕ್ಕ. ಇನ್ನೇನು, ಸದ್ಯಾ ಹೇಳುತ್ತಾನೆ, ಮುಗಿಯಿತು ಎಂಬ ನಗು.

“ಕೊಟ್ಟಿದ್ದೆ” ಎಂದೆ.

ಮೊದಲು ಒದ್ದವನು ಭಜನೆಗೆ ಮದ್ದಳೆ ಬಾರಿಸುತ್ತಿದ್ದವನು. ಕುಂಕುಮ ಇನ್ನೂ ಅವನ ಹಣೆಯಲ್ಲಿತ್ತು. ಇಮಾಮಸಾಬರು ಕೆಂಡದ ಕುಳಿಗೆ ಬಿದ್ದರು. ಏಳಲು ಊರಿದ ಬಲಗೈಯ ಮೇಲೆ ಯಾರೋ ಕಾಲಿಟ್ಟರು. ಆ ವಾಸನೆ ಏನೆಂದು ನಾನು ಬರೆಯಲಾರೆ. ತಗಡು ಕಿತ್ತರು, ತಿದಿ ಹರಿದರು. ಶ್ರೀರಾಮನ ಹೆಸರನ್ನು ಬೆಳಿಗ್ಗೆ ರಾಗದಲ್ಲಿ ಹಾಡಿದ ಗಂಟಲುಗಳೇ ಈಗಲೂ ಅದೇ ಹೆಸರನ್ನು ಕೂಗುತ್ತಿದ್ದವು. ಮೆಹಬೂಬ ಅಳಲಿಲ್ಲ. ಅಪ್ಪನನ್ನು ಎಳೆದುಕೊಂಡು ಹೋಗುವಾಗ ಒಮ್ಮೆ ತಿರುಗಿ ನನ್ನನ್ನು ನೋಡಿದ, ಗುರುತಿಲ್ಲದವರನ್ನು ನೋಡುವ ಹಾಗೆ. ಎರಡು ದಿನದಲ್ಲಿ ಅವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋದರೆಂದು ಯಾರೂ ವಿಚಾರಿಸಲಿಲ್ಲ.

ಅಲ್ಲಿಗೂ ನಿಲ್ಲಲಿಲ್ಲ. ಶುಕ್ರವಾರ ಮಸೀದಿಯಿಂದ ಹೊರಬಂದ ಕೆಲವು ಹುಡುಗರು ಅಲ್ಲಾನ ಹೆಸರು ಕೂಗುತ್ತಾ ಬಂದು ನಮ್ಮ ಗಲ್ಲಿಯ ಹಾಲಿನವನಿಗೆ ಚೂರಿ ಹಾಕಿದರು. ನವಮಿಯ ದಿನ ಆತ ಚಾಳಿಗೆ ಬಂದವನೇ ಅಲ್ಲ. ಆತ ಬದುಕಲಿಲ್ಲ. ಮುಂದಿನ ವಾರ ಶಾಲೆಯ ಅಂಗಳದಲ್ಲಿ ಶಾಂತಿ ಸಭೆ ಸೇರಿತು. ಒಬ್ಬ ಸ್ವಾಮಿಗಳು, ಒಬ್ಬ ಮೌಲ್ವಿ, ಒಬ್ಬ ಪಾದ್ರಿ. ಮೂವರೂ ತಮ್ಮ ತಮ್ಮ ಗ್ರಂಥದಿಂದ ಶಾಂತಿಯ ಮಾತನ್ನೇ ಓದಿದರು. ಅದು ಗ್ರಂಥಗಳಲ್ಲಿ ಇದ್ದದ್ದು ನಿಜವೇ ಇರಬೇಕು. ಮದ್ದಳೆಯವನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ತಾನು ತಪ್ಪು ಮಾಡಿದ್ದೇನೆ ಎಂಬ ಅಳುಕು ಅವನ ಮುಖದಲ್ಲೆಲ್ಲೂ ಇರಲಿಲ್ಲ. ನಾನು ಅವನ ಹಿಂದಿನ ಸಾಲಿನಲ್ಲಿದ್ದೆ.

ಆ ದಿನ ಮನೆಗೆ ಬಂದವನೇ ಅಪ್ಪಯ್ಯನ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೆಲ್ಟಿನಲ್ಲಿ ಹೊಡೆಯುತ್ತಾರೆ, ಹೊಡೆದು ನನ್ನನ್ನು ವಾಸಣ್ಣನ ಮುಂದೆ ನಿಲ್ಲಿಸುತ್ತಾರೆ, ಇಮಾಮಸಾಬರನ್ನು ಹುಡುಕಿಸುತ್ತಾರೆ ಎಂದುಕೊಂಡಿದ್ದೆ. ಅವರು ತರಕಾರಿ ಹೆಚ್ಚುತ್ತಿದ್ದರು. ಚೂರಿ ನಿಲ್ಲಲಿಲ್ಲ.

“ನಂಗೆ ಗೊತ್ತಿತ್ತ್. ಕೊಪ್ಪರ್ಗಿ ತೊಳ್ದದ್ದ್ ನಾನೇ ಅಲ್ದಾ? ವಾಸಣ್ಣನೂ ಬಗ್ಗಿ ತಳ ಕಂಡಿದ್ರ್.”

ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಸುರಿದರು.

“ಹೇಳಿರೆ ನಿಂಗೊಂದ್ ನಾಲ್ಕ್ ಪೆಟ್ಟ್ ಬೀಳ್ತಿತ್ತ್, ಅಷ್ಟೆ. ಅವ್ರನ್ನ್ ಬಿಡ್ತಿರ್ಲಿಲ್ಲ.”

ಅಪ್ಪಯ್ಯ ಕೆಟ್ಟವರಾಗಿರಲಿಲ್ಲ. ಹೋಟೆಲಿನಲ್ಲಿ ಮಿಕ್ಕದ್ದನ್ನು ಫುಟ್‌ಪಾತಿನವರಿಗೆ ಹಂಚಿ ಲೋಕಲ್ ಹತ್ತುತ್ತಿದ್ದವರು. ಅವರ ಮಾತು ನಿಜವೋ, ಮಗನನ್ನು ಉಳಿಸಿಕೊಂಡದ್ದಕ್ಕೆ ಕಟ್ಟಿಕೊಂಡ ಸಮಾಧಾನವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ನಾನು ನಿಜ ಹೇಳಿದ್ದರೆ ಅವರು ಉಳಿಯುತ್ತಿದ್ದರು ಎಂದುಕೊಂಡು ಅಳುವುದಕ್ಕೂ ಆ ಮಾತು ಜಾಗ ಬಿಡಲಿಲ್ಲ. ಮುಂದೆ ಐವತ್ತು ವರ್ಷ ನಾನು ಅದೇ ಮಂಡಳಿಯಲ್ಲಿ ತಾಳ ಹಾಕಿದೆ. ಎಲ್ಲರೂ ನನ್ನನ್ನು ಭಕ್ತ ಎನ್ನುತ್ತಾರೆ. ಬಾಗಲಕೋಟೆಯ ಮೇಲೆ ಹಾದುಹೋಗುವ ರೈಲಿನಲ್ಲಿ ಎರಡು ಸಲ ಹೋಗಿದ್ದೇನೆ, ಇಳಿದು ಹುಡುಕಲಿಲ್ಲ. ಸಿಕ್ಕಿಬಿಟ್ಟಾರು ಎಂಬ ಭಯ.

ಈಗ ಮಗನೊಡನೆ ದಹಿಸರಿನಲ್ಲಿದ್ದೇನೆ. ಹೋದ ವರ್ಷ ನಮ್ಮ ಬಿಲ್ಡಿಂಗಿನಲ್ಲಿ ಒಂದು ಫ್ಲ್ಯಾಟ್ ಮಾರಾಟಕ್ಕೆ ಬಂತು. ಕೊಳ್ಳಲು ಬಂದವರು ಮುಸಲ್ಮಾನರು. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಬ್ಬ ಹುಡುಗ. ಸೊಸೈಟಿಯ ಮೀಟಿಂಗ್ ಕರೆದರು. ಯಾರೂ ಬೈಯಲಿಲ್ಲ, ಯಾರೂ ಕೂಗಲಿಲ್ಲ. ಚಹಾ ಬಂತು. ನಮ್ಮ ಬಿಲ್ಡಿಂಗಿನ ಶಾಂತಿಗಾಗಿ ಬೇಡ ಎನ್ನುವವರು ಕೈ ಎತ್ತಿ ಎಂದರು ಸೆಕ್ರೆಟರಿ. ಒಂದೊಂದೇ ಕೈ ಮೇಲೆದ್ದಿತು. ನಾನು ಸುತ್ತ ನೋಡಿದೆ. ಆಮೇಲೆ ನನ್ನ ಕೈಯೂ ಎದ್ದಿತು.

ಹನ್ನೆರಡನೆಯ ವಯಸ್ಸಿನಲ್ಲಿ ನನಗೆ ಬೆಲ್ಟಿನ ಭಯವಾದರೂ ಇತ್ತು.