ಹೂಂ ಎನ್ನದ ಪರದೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ದಿನಚರಿ ಬರೆಯುವ ಚಟ ಹತ್ತಿದ್ದೂ ಅದಕ್ಕೇ. ಆದರೆ ಹಳೆಯ ಪುಟ ತಿರುವಿದಾಗಲೆಲ್ಲ, ಇದು ನಡೆದದ್ದೋ, ಹೀಗೆ ನಡೆದಿದ್ದರೆ ಚೆಂದವಿತ್ತೆಂದು ಬರೆದದ್ದೋ ಎಂಬ ಅನುಮಾನ. ಹಾಗಾಗಿ ಅಮ್ಮನ ಕತೆಯನ್ನು ಬರೆದುಕೊಳ್ಳಲಿಲ್ಲ. ಅವಳ ದನಿಯಲ್ಲೇ ಫೋನಿಗೆ ತುಂಬಿಕೊಂಡೆ.

ಕತೆ ಒಂದೇ. ಈಗಿಲ್ಲದ ಅಪ್ಪ ಒಮ್ಮೆ, ದೋಣಿ ಮಗುಚಿದ ಮೇಲೆ, ಜೀವಸಹಿತ ಧಾರೇಶ್ವರದ ದಂಡೆ ಸೇರಿದ್ದು. ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತ ಅಮ್ಮ ಒಮ್ಮೆ ಅಪ್ಪ ಹಲಗೆ ಹಿಡಿದು ಬಂದನೆನ್ನುವಳು, ಇನ್ನೊಮ್ಮೆ ಬೇರೆ ದೋಣಿಯವರು ಎಳೆದು ತಂದರೆನ್ನುವಳು. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ನಿಜ ತಿಳಿದೀತು ಅಂದುಕೊಂಡಿದ್ದೆ. ಅಷ್ಟರಲ್ಲಿ ಅಮ್ಮ ಹೋದಳು.

ನಮ್ಮ ಕಡೆ ಕತೆ ಹೇಳುವವರ ಎದುರು ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಅಮ್ಮನ ಕತೆಯೂ ನಿಲ್ಲುತ್ತಿತ್ತು. "ಎಂತ, ನಿದ್ದೆ ಬಂತಾ? ನಾ ಗೋಡೆಗೆ ಹೇಳೂದಾ?" ಮೌನವೆಂದರೆ ಏನೋ ಕೆಟ್ಟಿದೆ ಎಂದೇ ನಮ್ಮ ಮನೆಯ ಲೆಕ್ಕ.

ಕಂಪ್ಯೂಟರಿನ ಕಪ್ಪು ಪರದೆಯ ಪದ್ಧತಿ ಇದಕ್ಕೆ ತದ್ವಿರುದ್ಧ. ಮೌಸು ಬಿಟ್ಟು, ಆಜ್ಞೆಗಳನ್ನು ಟೈಪು ಮಾಡಿಯೇ ಕೆಲಸ ತೆಗೆಯುವ ವಿದ್ಯೆಯನ್ನು ನಾನು ಹೊನ್ನಾವರದ ಮನೆಯಲ್ಲಿ ಕೂತು, ಅರ್ಧ ಜಂಬಕ್ಕೆಂದೇ ಕಲಿಯತೊಡಗಿದ್ದೆ. ಅಲ್ಲಿ ಕೆಲಸ ಕೆಟ್ಟರೆ ಬೈಗುಳ, ಸರಿಯಾದರೆ ಮೌನ. ಯಂತ್ರದೊಳಗೆ ಓಡುವ ಪ್ರತಿ ಕೆಲಸಕ್ಕೂ ಅದನ್ನು ಹುಟ್ಟಿಸಿದ ಇನ್ನೊಂದು ಕೆಲಸ, ಒಂದು ತಾಯಿ, ಇರುತ್ತದೆ. ತಾಯಿ ಸತ್ತರೆ, ಅನಾಥವಾದ ಮರಿಯನ್ನು ಎಲ್ಲಕ್ಕೂ ಮೊದಲು ಹುಟ್ಟಿದ ಕೆಲಸ ಮಡಿಲಿಗೆ ಹಾಕಿಕೊಳ್ಳುತ್ತದೆ. ಓದಿ ಕಣ್ಣು ತೇವವಾಗಿತ್ತು. ಯಂತ್ರದಲ್ಲಿ ಎಷ್ಟು ಕರುಣೆ!

ಹೆಬಳೆಯಲ್ಲಿರುವ ಅಕ್ಕ, ಅಮ್ಮನ ವರ್ಷಾಂತಿಕದ ದಿನ ಆ ಕತೆ ಕೇಳಬೇಕೆಂದಳು. ಫೋನು ತುಂಬಿದೆಯೆಂದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಆಗಲೇ ಅಳಿಸಿದ್ದೆ. ಈಗ ಫೈಲುಗಳನ್ನು ಒಂದೊಂದಾಗಿ 'ಅಮ್ಮ' ಎಂಬ ಫೋಲ್ಡರಿಗೆ ಸಾಗಿಸುವ ಆಜ್ಞೆ ಕೊಟ್ಟೆ. ಪರದೆ ಸುಮ್ಮನಿತ್ತು. ಸರಿ, ಮುಂದಿನದು. ಮತ್ತೆ ಮೌನ, ಮತ್ತೆ ಮುಂದಿನದು.

'ಅಮ್ಮ' ಎಂಬ ಫೋಲ್ಡರನ್ನು ನಾನು ಮಾಡಿಯೇ ಇರಲಿಲ್ಲ. ಮಾಡಿದ ನೆನಪಿತ್ತು, ನನ್ನ ನೆನಪು! ಫೋಲ್ಡರು ಇಲ್ಲದಿದ್ದರೆ ಆ ಆಜ್ಞೆ ಫೈಲಿನ ಹೆಸರನ್ನೇ 'ಅಮ್ಮ' ಎಂದು ಬದಲಿಸುತ್ತದೆ. ಮುಂದಿನ ಫೈಲಿಗೂ ಅದೇ ಹೆಸರು, ಹಿಂದಿನದು ಇಲ್ಲವಾಗುತ್ತದೆ. ಹಳೆಯದನ್ನು ಅಳಿಸುವ ಮುಂಚೆ ನನ್ನನ್ನು ಕೇಳು ಎಂದು ಆಜ್ಞೆಯಲ್ಲೇ ಹೇಳಿದ್ದರೆ ಕೇಳುತ್ತಿತ್ತಂತೆ. ಓಡುವ ಕೆಲಸವನ್ನು ಕೊಲ್ಲುವ ಆಜ್ಞೆಯೂ ನನಗೆ ಗೊತ್ತಿತ್ತು. ತಪ್ಪು ತಿಳಿದಾಗ ಕೊಲ್ಲಲು ಏನೂ ಓಡುತ್ತಿರಲಿಲ್ಲ. ಕುಮಟೆಯ ರಿಪೇರಿಯವನು ಡಿಸ್ಕು ಜಾಲಾಡಿ ಕೈಚೆಲ್ಲಿದ. ಉಳಿದದ್ದು ಕೊನೆಗೆ ಸಾಗಿಸಿದ ಒಂದೇ ಫೈಲು.

"ಕಂಪ್ಯೂಟರ್ ಎಂತದೂ ಹೇಳ್ಲೇ ಇಲ್ವನಾ ತಮ್ಮಾ?" ಅಕ್ಕ ಫೋನಿನಲ್ಲಿ ಕೇಳಿದಳು.

"ಇಲ್ಲ ಅಕ್ಕಾ. ಸುಮ್ನೇ ಇತ್ತು."

"ಸುಮ್ನೇ ಇದ್ರೆ ನಿಂಗೆ ಹೆದ್ರಿಕೆ ಆಗ್ಲಿಲ್ವಾ? ನೀ ಅಮ್ಮನ ಮಗ ಅಲ್ವಾ?"

ಉಳಿದದ್ದನ್ನು ಕೇಳಿದೆ. ಅಮ್ಮ ಹಾಸಿಗೆ ಹಿಡಿದ ಮೇಲಿನದು. "ನಂಗೆ ಎಂತದೂ ನೆನ್ಪಿಲ್ಲ ಮಾರಾಯ. ನೀನೇ ಹೇಳು, ನಾ ಹೂಂ ಅಂತೇನೆ." ಆಮೇಲೆಲ್ಲ ನನ್ನದೇ ದನಿ. ಅಪ್ಪ ಹಲಗೆ ಹಿಡಿದು ಬಂದ ಎನ್ನುತ್ತೇನೆ, ಹೂಂ. ಅಲ್ಲ, ಬೇರೆ ದೋಣಿಯವರು ಎಳೆದರು ಎನ್ನುತ್ತೇನೆ, ಅದಕ್ಕೂ ಹೂಂ.

ಅಪ್ಪ ಇನ್ನೇನು ದಂಡೆ ಮುಟ್ಟಬೇಕು, ಅಷ್ಟರಲ್ಲಿ ಹೂಂ ನಿಲ್ಲುತ್ತದೆ. ನಾನು ಗಮನಿಸದೆ ಹೇಳುತ್ತಲೇ ಹೋಗಿದ್ದೇನೆ, ಗೋಡೆಗೆ.