ಕುರಿ ಮೆಚ್ಚಿದ ಹತ್ತಿ

ಮೊನ್ನೆ ಚಳ್ಳಕೆರೆಯ ದವಾಖಾನೆಯಲ್ಲಿ ನರ್ಸಮ್ಮ ಜ್ವರ ನೋಡುವ ಗನ್ನು ಹಿಡಿದು ಬಂದಾಗ ನಾನು ಅಂಗೈಯನ್ನು ಎಲೆಯ ಹಾಗೆ ಅರಳಿಸಿ ಮುಂದೆ ಚಾಚಿದೆ. "ಹಣೆ ಸಾಕು ಸಾರ್" ಎಂದರು ಆಕೆ. ನಗಬೇಡಿ. ಅಂಥದೇ ಗನ್ನಿನಿಂದ ಹತ್ತಿ ಗಿಡಗಳ ಜ್ವರ ನೋಡಿ ಸಂಬಳ ಎಣಿಸಿದವನು ನಾನು.

ಕೆಲವು ವರ್ಷಗಳ ಹಿಂದೆ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ ಎಂಬ ಊರಿನ ಪಕ್ಕದ ಹೊಲದಲ್ಲಿ ಪ್ರಯೋಗಕ್ಕೆಂದು ನಲವತ್ತು ಸಾಲು ಹತ್ತಿ ಹಾಕಿದ್ದೆವು, ಒಂದೊಂದು ಸಾಲು ಒಂದೊಂದು ಬಗೆ. ಬರ ತಾಳುವ ತಳಿ ಬೇಕೆಂದರೆ ಮೊದಲು ಅದಕ್ಕೆ ತಕ್ಕ ತಂದೆತಾಯಿಯನ್ನು ಹುಡುಕಬೇಕಲ್ಲ? ನೆತ್ತಿ ಸುಡುವ ಹೊತ್ತಿನಲ್ಲೂ ಎಲೆ ತಂಪಾಗಿದ್ದರೆ ಬೇರು ಆಳದಲ್ಲೆಲ್ಲೋ ನೀರು ಕಂಡಿದೆ ಎಂದರ್ಥ. ನಮ್ಮ ವಿಜ್ಞಾನಿ ಮೇಡಂ ಗನ್ನನ್ನೂ ಅಂಕಿ ಬರೆಯಲು ದಪ್ಪ ಪುಸ್ತಕವನ್ನೂ ಕೊಟ್ಟು, "ಮಧ್ಯಾಹ್ನ ಒಂದಕ್ಕೆ, ಪ್ರತಿ ಸಾಲಿಗೂ" ಎಂದಿದ್ದರು. ಮೊಳಕಾಲ್ಮೂರಿನ ಮಧ್ಯಾಹ್ನ ಒಂದು ಗಂಟೆಯನ್ನು ಕಂಡವರು ನನ್ನನ್ನು ಕ್ಷಮಿಸುತ್ತಾರೆ. ಬೇವಿನ ನೆರಳಿಗೆ ಹತ್ತಿರವಿದ್ದ ಎರಡು ಸಾಲನ್ನು ಅಳೆದು, ಉಳಿದ ಮೂವತ್ತೆಂಟರ ಅಂಕಿಯನ್ನು ಪ್ರತಿಭೆಯಿಂದ ತುಂಬುತ್ತಿದ್ದೆ.

ಒಂದು ದಿನ ಆ ಪ್ರತಿಭೆಗೆ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ಪಕ್ಕದ ಹಟ್ಟಿಯ ಬೋರಮ್ಮನ ಕುರಿಗಳು ಹೊಲದಲ್ಲಿ! ಎಲ್ಲವನ್ನೂ ತಿಂದಿದ್ದರೆ ಒಂದು ಮಾತು. ಮೂರೇ ಸಾಲನ್ನು ಬರೀ ಕಡ್ಡಿ ಉಳಿಯುವಂತೆ ಮೇಯ್ದು, ಉಳಿದವನ್ನು ಮೂಸಿ ಬಿಟ್ಟಿದ್ದವು.

ಅಷ್ಟರಲ್ಲಿ ಮೇಡಂ ಜೀಪಿಳಿದರು. ನಾನು ಪುಸ್ತಕ ತಿರುವಿ, "ನಷ್ಟವಿಲ್ಲ ಮೇಡಂ, ಇವು ಕೆಲಸಕ್ಕೆ ಬಾರದ ಸಾಲುಗಳು" ಎಂದೆ.

ಕುರಿಗಳನ್ನು ಹುಡುಕುತ್ತ ಬಂದಿದ್ದ ಬೋರಮ್ಮನಿಗೆ ಅವುಗಳ ಮರ್ಯಾದೆ ಹೋದಂತಾಯಿತು. "ಕೆಲಸಕ್ಕೆ ಬಾರದ್ದನ್ನ ಅವು ಯಾಕ್ ತಿಂತಾವವ್ವ? ಇಂಥಾ ಬಿಸ್ಲಾಗೂ ಬಾಡದೆ ನಿಂತಿದ್ದು ಇವೇ. ಈ ಅಪ್ಪಯ್ಯ ಎದ್ದಿದ್ರೆ ಅವನಿಗೂ ಕಾಣ್ತಿತ್ತು."

ಮೇಡಂ ಗುದ್ದಲಿಯನ್ನು ನನ್ನ ಕೈಗಿತ್ತರು. ಕುರಿ ಮೇಯ್ದ ಒಂದು ಗಿಡದ ಬುಡ ಅಗೆಯುತ್ತ ನಾನು ಸೊಂಟದವರೆಗೆ ಇಳಿದೆ. ಬೇರು ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಪಕ್ಕದ ಸಾಲಿನದು ಮೊಣಕಾಲಿಗೇ ಮುಗಿದಿತ್ತು. ಗುಂಡಿಯೊಳಗೆ ನಿಂತೇ ತಪ್ಪೊಪ್ಪಿಕೊಂಡೆ.

"ನಿಮ್ಮ ಪುಸ್ತಕ ನಂಬಿ ನಾಳೆ ಇವನ್ನೇ ಕೀಳಿಸುವವಳಿದ್ದೆ" ಎಂದರು ಮೇಡಂ. ಬೈದಿದ್ದರೆ ವಾಸಿಯಿತ್ತು.

ಕೆಲಸದಿಂದ ತೆಗೆಯಲಿಲ್ಲ. ಮಾರನೆಯ ದಿನದಿಂದ ಹೊಸ ಕೆಲಸ: ಉಳಿದ ಸಾಲುಗಳ ಮುಂದೆ ಬೋರಮ್ಮ ಒಂದು ಕುರಿಯನ್ನು ಹಗ್ಗ ಹಿಡಿದು ನಡೆಸುವುದು; ಅದು ಎಲ್ಲಿ ಬಾಯಿ ಹಾಕಿತು, ಎಲ್ಲಿ ಮುಖ ತಿರುಗಿಸಿತು ಎಂದು ನಾನು ಬರೆಯುವುದು; ಆಮೇಲೆ ಗನ್ನಿನಿಂದ ಅಳೆದು ತಾಳೆ ನೋಡುವುದು. ಬಿ.ಎಸ್ಸಿ. ಓದಿದವನು ಕುರಿಗೆ ಗುಮಾಸ್ತನಾದೆ. "ಎದ್ರಿಗೆ ನಿಲ್ಲಬ್ಯಾಡಪ್ಪ, ನಿನ್ ಮುಖ ನೋಡಿದ್ರೆ ಅದು ತಿನ್ನಲ್ಲ" ಎಂದು ಬೋರಮ್ಮ ಗದರುತ್ತಿದ್ದಳು.

ಮೇಯ್ದು ಬಿಟ್ಟ ಮೂರು ಸಾಲೂ ತಿಂಗಳೊಳಗೆ ಚಿಗುರಿದವು. ತಡವಾಗಿಯಾದರೂ ಕಾಯಿ ಬಿಟ್ಟವು. ಮೇಡಂ ಆ ಬೀಜವನ್ನು ಬೇರೆಯಾಗಿ ಕಟ್ಟಿಟ್ಟರು.

ಅವುಗಳ ಮೊಮ್ಮಕ್ಕಳು ಈಗ ನಮ್ಮ ಪ್ರಯೋಗದ ಹೊಲದಲ್ಲಿವೆ. ಮಧ್ಯಾಹ್ನ ಒಂದಕ್ಕೆ ಪ್ರತಿ ಸಾಲಿಗೂ ಹೋಗುತ್ತೇನೆ; ಗನ್ನು ತೋರಿಸಿದ್ದನ್ನು ಬರೆಯುವ ಮೊದಲು ತಂಪು ನಿಜವೇ ಎಂದು ಬಗ್ಗಿ ಎಲೆಗೆ ಕೆನ್ನೆ ಇಡುತ್ತೇನೆ. ನಿನ್ನೆ ದಾರಿಹೋಕನೊಬ್ಬ ನಿಂತು, "ಏನ್ ಸಾರ್, ಹತ್ತಿ ಗಿಡಕ್ಕೆ ಮುತ್ತು ಕೊಡ್ತಿದ್ದೀರಾ?" ಎಂದ.

"ಹೂಂ" ಎಂದೆ. ಇನ್ನೂ ಹದಿನೇಳು ಸಾಲು ಬಾಕಿ ಇತ್ತು.