ಅಕ್ಕನ ಅಂಟು

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಾಣಂತಿಯ ಅಂಟಿನ ಉಂಡಿಗೆಂದು, ಗೋಂದಿನ ಹರಳನ್ನು ತುಪ್ಪದಲ್ಲಿ ಹುರಿಯಲು ಬಾಣಲೆ ಇಟ್ಟೆ. ಮಗಳದು ಎರಡನೆಯ ಹೆರಿಗೆ, ಹಾಗಾಗಿ ಬಾಣಂತನ ಹಿರೇಕೆರೂರಿನ ಗಂಡನ ಮನೆಯಲ್ಲಿ. ಉಂಡಿ ಮಾತ್ರ ತವರಿನದೇ ಆಗಬೇಕು; ಒಂದು ಡಬ್ಬಿ ಆಗಲೇ ಕಳಿಸಿದ್ದೆ, ಇದು ಎರಡನೆಯದು. ನೀವು ಅಂಟು ಹುರಿದವರಾದರೆ ಬಲ್ಲಿರಿ, ಉರಿ ಜೋರಾದರೆ ಹೊರಗೆ ಅರಳಿ ಒಳಗೆ ಕಲ್ಲಾಗಿಯೇ ಉಳಿಯುತ್ತದೆ. ಇಂದು ಒಂದು ಹರಳೂ ಕೆಡಲಿಲ್ಲ, ಶಿವನ ದಯೆ. ಆ ವಾಸನೆ ಏಳುತ್ತಲೇ ಗಿರಿಜಕ್ಕ ನೆನಪಾದಳು.

ಗಿರಿಜಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಆಡೂರಿನ ಶಾಲೆ, ಹಾನಗಲ್ಲಿನ ಕಾಲೇಜು, ಧಾರವಾಡ, ಆಮೇಲೆ ಪುಣೆಯ ಪ್ರಯೋಗಾಲಯ ಎಂದು ಅವಳು ದಾಟುತ್ತಲೇ ಹೋದಳು. ನಾನು ಮದುವೆಯಾಗಿ ಆಡೂರಿನಿಂದ ಹೊರಟು ಸವಣೂರಿಗೆ ಬಂದು ನಿಂತೆ. ಹತ್ತನೇ ಇಯತ್ತೆಯ ವಿಜ್ಞಾನದಲ್ಲಿ ನಾನು ಪಾಸಾದದ್ದೇ ಒಂದು ಪವಾಡ. ರಕ್ತನಾಳದ ಒಳಗೋಡೆಯ ಜೀವಕೋಶಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿರುತ್ತವೆ ಎಂಬುದು ಅವಳ ಅಧ್ಯಯನ. ಹಿಡಿತ ಸಡಿಲಾದರೆ ರಕ್ತದೊಳಗಿನ ನೀರು ಹೊರಗೆ ಜಿನುಗಿ ಮೈ ಬಾಯುತ್ತದಂತೆ.

“ಅಂದ್ರ, ಅಂಟು?” ಎಂದೆ.

“ಹೂಂ, ಅಂಟ ಅನ್ನು,” ಎಂದು ನಕ್ಕಳು.

ಅಷ್ಟನ್ನೇ ನಾನು ಪಕ್ಕದ ಕಿರಾಣಿ ಅಂಗಡಿಯ ಮುನೀರಾಬಿಗೆ ಹೇಳಿದೆ. ವಾರದೊಳಗೆ ಇಡೀ ಓಣಿಗೆ ಸುದ್ದಿ: ಇವರಕ್ಕ ಅಂಟಿನ ಮೇಲೆ ದೊಡ್ಡ ಓದು ಓದಿದ್ದಾಳೆ.

ನನ್ನ ಮೊದಲ ಬಾಣಂತನದ ಹೊತ್ತಿಗೆ ಅವ್ವ ಇರಲಿಲ್ಲ. ಅಕ್ಕನೇ ರಜೆ ಹಾಕಿ ಸವಣೂರಿಗೆ ಬಂದಳು. ಬಂದ ಮರುದಿನವೇ ಮುನೀರಾಬಿ ಎರಡು ಪೊಟ್ಟಣ ಹಿಡಿದು ಹಾಜರು.

“ಡಾಕ್ಟರಬಾಯಿ, ಬಿಳೇ ಅಂಟು ಚಲೋನೋ, ಕೆಂಪಂದೋ? ನೀವು ಯಾವುದು ಹೇಳ್ತೀರಿ ಅದನ್ನ ಮಾರ್ತೇನಿ ನೋಡ್ರಿ.”

ನನಗೆ ಕೌದಿಯೊಳಗೆ ಹುದುಗಿಬಿಡಬೇಕೆನಿಸಿತು. ಅಕ್ಕ ಮಾತ್ರ ಒಂದೊಂದು ಹರಳನ್ನು ಬೆಳಕಿಗೆ ಹಿಡಿದು, ಕಡಿದು ನೋಡಿ, “ಕೆಂಪಂದು ಬ್ಯಾಡ್ರಿ, ಅದರಾಗ ಕಸ ಭಾಳ ಐತಿ,” ಎಂದಳು. ಆಕೆ ಹೋದ ಮೇಲೆ ಇಬ್ಬರೂ ನಕ್ಕೆವು. ಅಂದಿನಿಂದ ಆ ಅಂಗಡಿಯಲ್ಲಿ ಬಿಳಿಯದಕ್ಕೆ ಪುಣೆ ಅಂಟು ಎಂದೇ ಹೆಸರು.

ನಾಲ್ಕನೆಯ ದಿನ ಮಧ್ಯಾಹ್ನ ಆ ಅಂಗಡಿಯ ಫೋನಿಗೆ ಪುಣೆಯಿಂದ ಕರೆ ಬಂತು. ಅಕ್ಕನ ಕೈಕೆಳಗೆ ಕಲಿಯುತ್ತಿದ್ದ ಹುಡುಗಿಯದು. ಮಾತಾಡಿ ಬಂದ ಅಕ್ಕ ಒಲೆ ಆರಿಸಿ ನೆಲದ ಮೇಲೆ ಕುಳಿತಳು. ಕೋಶಗಳ ಹಿಡಿತ ಬಿಗಿಯಾಗುವುದು ಇಂಥದ್ದರಿಂದ ಎಂದು ಹಿಂದಿನ ವರ್ಷ ಅವಳದೊಂದು ಲೇಖನ ಅಚ್ಚಾಗಿತ್ತು. ಅದರ ಬಲದ ಮೇಲೆಯೇ ಮುಂದಿನ ತಿಂಗಳು ಕಾಯಂ ನೌಕರಿಯ ಸಂದರ್ಶನ. ಈಗ ಆ ಹುಡುಗಿ ಕೋಶ ಬೆಳೆಸುವ ಹೊಸ ತಟ್ಟೆಗಳಲ್ಲಿ ಮಾಡಿ ನೋಡಿದರೆ ಹಿಡಿತವೇ ಕಾಣುತ್ತಿಲ್ಲ.

“ಹಳೇ ತಟ್ಟೀಗೆ ಒಂದು ಲೇಪ ಸವರಿದ್ವಿ. ಹಿಡದದ್ದು ಅದು, ಕೋಶ ಅಲ್ಲ. ಮುನೀರಾಬಿಗೆ ನಕ್ವಿ, ನಾನೂ ಅದನ್ನ ಮಾಡೇನಿ ನೋಡ. ಒಂದು ಅಂಟನ್ನ ಇನ್ನೊಂದು ಅಂಟು ಅಂತ ತಿಳಿದೇನಿ.”

“ಯಾರಿಗರೆ ಗೊತ್ತೈತೇನಕ್ಕಾ?”

“ಆ ಹುಡಿಗಿಗೆ, ನನಗ, ಈಗ ನಿನಗ.”

ಹೊತ್ತುಹೊತ್ತಿಗೆ ವಿಭೂತಿ ಹಚ್ಚುವ ನಾನು ಏನೆಂದೆ ಗೊತ್ತೇ? “ನೌಕರಿ ಆಗೂತನಕ ಸುಮ್ನಿರವಾ. ಆಮ್ಯಾಲ ಹೇಳಿದ್ರಾತು.”

ಅಕ್ಕ ಸಿಟ್ಟಾಗಲಿಲ್ಲ. “ಅಲ್ಲೀತನಕ ಅದನ್ನ ಖರೆ ಅಂತ ನಂಬಿ ಎಷ್ಟು ಮಂದಿ ಕೆಲಸ ಮಾಡ್ತಾರ? ಅವರ ದಿನಾ ಯಾರು ತಿರುಗಿ ಕೊಡ್ತಾರ?” ಎಂದಳು. ತೊಟ್ಟಿಲ ಪಕ್ಕ ಕುಳಿತು, ಒಂದು ಕೈಯಲ್ಲಿ ಹಗ್ಗ ಜಗ್ಗುತ್ತ, ಮತ್ತೊಂದರಲ್ಲಿ ಆ ಲೇಖನ ಅಚ್ಚು ಮಾಡಿದ ಪತ್ರಿಕೆಗೆ ಕಾಗದ ಬರೆದಳು. ತಪ್ಪು ತನ್ನದೆಂದೂ ಕಂಡುಹಿಡಿದವಳು ಆ ಹುಡುಗಿಯೆಂದೂ ಮೊದಲ ಸಾಲಿನಲ್ಲೇ ಇತ್ತು.

ನೌಕರಿ ಬೇರೆಯವರಿಗೆ ಹೋಯಿತು. ವರ್ಷಗಟ್ಟಲೆ ಅಕ್ಕ ಹಂಗಾಮಿಯಾಗಿಯೇ ದುಡಿದಳು. ದೇವರ ಮುಂದೆ ಕುಳಿತಾಗಲೆಲ್ಲ ನನಗೆ ನನ್ನ ಮಾತೇ ಚುಚ್ಚುತ್ತಿತ್ತು. ಆದರೆ ಅವಳೂ ಆ ಹುಡುಗಿಯೂ ಮೊದಲಿನಿಂದ ಶುರು ಮಾಡಿ, ಕೋಶಗಳನ್ನು ನಿಜವಾಗಿ ಹಿಡಿದಿಡುವುದು ಯಾವುದು ಎಂದು ಕಂಡುಕೊಂಡರು. ಎಲ್ಲೆಲ್ಲಿಯವರೋ ಅದನ್ನು ಮಾಡಿ ನೋಡಿ ಹೌದೆಂದರು. ಕಾಯಂ ನೌಕರಿಯೂ ಆಗ ಬಂತು.

ಕಳೆದ ತಿಂಗಳು ಅವಳ ನಿವೃತ್ತಿ. ಪುಣೆಯ ಬೀಳ್ಕೊಡುಗೆಯಲ್ಲಿ ಇಲಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಅಂದಿನ ಹುಡುಗಿ, ಈಗ ತಲೆ ಬೆಳ್ಳಗಾದವಳು, ಎದ್ದು ಹೇಳಿದಳು: “ನಮ್ಮಲ್ಲಿ ಪ್ರತಿ ಸೋಮವಾರದ ಸಭೆಯ ಮೊದಲ ಪ್ರಶ್ನೆ, ಈ ವಾರ ಯಾರ ತಪ್ಪು ಸಿಕ್ಕಿತು? ಮೊದಲು ಏಳುತ್ತಿದ್ದ ಕೈ ಮೇಡಮ್ಮರದೇ.” ಚಪ್ಪಾಳೆ ಬಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವರಿಗೆ, ಕೇಳದಿದ್ದರೂ, “ನಮ್ಮಕ್ಕರೀ ಆಕಿ,” ಎಂದೆ.

ಇಂದು ಮಧ್ಯಾಹ್ನ ಉಂಡಿ ಡಬ್ಬಿಗೆ ತುಂಬುವಾಗ ಹಿರೇಕೆರೂರಿನಿಂದ ಬೀಗತಿಯ ಫೋನು. “ಎಲ್ಲಾ ಮನೀ ತುಪ್ಪದ್ದ ಅಲ್ರಿ, ಬೀಗರ?”

ಹೌದೆನ್ನಲು ನಾಲಿಗೆ ಎದ್ದೇಬಿಟ್ಟಿತ್ತು. ತಡೆದೆ.

“ಇಲ್ರಿ. ಮನೀದು ಅರ್ಧಕ್ಕ ಮುಗೀತು. ಉಳದದ್ದು ಅಂಗಡೀದು.”

ಕೆಟ್ಟೆ ಅಂದುಕೊಂಡೆ. ಆ ಕಡೆಯಿಂದ ತಗ್ಗಿದ ದನಿ ಬಂತು: “ಹಂಗಾರ ನಾನೂ ಹೇಳಿಬಿಡ್ತೇನಿ. ಹ್ವಾದ ಸಲದ ಡಬ್ಬಿಯೊಳಗ ನಿಮ್ಮ ಮಗಳಿಗೆ ನಾಕ ಉಂಡಿ ಸಿಕ್ಕಾವ. ಉಳದದ್ದು ನಾನ ತಿಂದೇನಿ.”

ನಗು ತಡೆಯಲಾಗಲಿಲ್ಲ. ಫೋನಿಟ್ಟು ಇನ್ನೊಂದು ಡಬ್ಬಿ ತೊಳೆದು ಒರೆಸಿ, ಅದರ ಮೇಲೆ ಬೀಗತಿಯ ಹೆಸರು ಬರೆದೆ.